ಸಿಗರೇಟ್ ಬಿಟ್ಟು ಮೂರು ವಾರವಾಯಿತು, ವಸಡಿನಲ್ಲಿ ರಕ್ತ ಬರುತ್ತಿದೆ. ರೋಗನಿರೋಧಕ ಶಕ್ತಿ ಕುಸಿಯಿತೇ? ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಮಾತ್ರೆ ನುಂಗಲೇ?

ನಿಮಗೆ ಮೂರು ವಾರ, ನನಗೆ ಹತ್ತನೆಯ ದಿನಕ್ಕೇ ಬಂದಿತ್ತು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಹದಿನಾಲ್ಕು ವರ್ಷ ಸೇದಿ, ಮಗಳು ಹುಟ್ಟಿದ ವಾರ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಖಡಕ್ ರೊಟ್ಟಿ ಕಚ್ಚಿದರೆ ಅದರ ಅಂಚಿಗೆ ರಕ್ತ ಹತ್ತಿತ್ತು. ಅಷ್ಟು ವರ್ಷಗಳಲ್ಲಿ ಒಂದು ಹನಿಯನ್ನೂ ಕಂಡಿರಲಿಲ್ಲ.

ಮತ್ತೆ ಸೇದಿದೆ. ನನ್ನ ತಪ್ಪು ಅದೇ. ಸೇದುವಾಗ ರಕ್ತವಿರಲಿಲ್ಲ, ಬಿಟ್ಟಾಗ ಬಂತು, ಹಾಗಾದರೆ ಬಿಟ್ಟದ್ದೇ ಕಾರಣ ಎಂದುಕೊಂಡೆ. ಕೆಲವೇ ದಿನಗಳಲ್ಲಿ ರಕ್ತ ನಿಂತೂಬಿಟ್ಟಿತು! ಇನ್ನೇನು ಸಾಕ್ಷಿ ಬೇಕು? ಬೇಡ ಬೇಡ ಎಂದ ಹೆಂಡತಿಯ ಬಾಯನ್ನೂ ಇದೇ ಮಾತಿನಿಂದ ಮುಚ್ಚಿಸಿದೆ. ರಕ್ತ ನಿಂತದ್ದನ್ನು ರೋಗ ನಿಂತಿತು ಎಂದು ಓದಿಕೊಂಡೆ. ಎರಡು ವರ್ಷದ ಮೇಲೆ ದವಡೆ ಹಲ್ಲುಗಳು ಅಲುಗಾಡತೊಡಗಿದಾಗ ಹುಬ್ಬಳ್ಳಿಯ ದಂತವೈದ್ಯರು ವಸಡಿನ ಸಂದಿಗೆ ಅಳತೆಯ ಕಡ್ಡಿ ಇಳಿಸಿದರು: 8 ಮಿಲಿಮೀಟರ್. ಆರೋಗ್ಯವಾಗಿರುವ ವಸಡಿನಲ್ಲಿ ಅದು 3 ದಾಟುವುದಿಲ್ಲ. ಮೂರು ಹಲ್ಲು ಹೋದವು. ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ ಎಂದರು.

ಅವರು ಬಿಡಿಸಿ ಹೇಳಿದ್ದು ಇದು. ಹೊಗೆ ವಸಡಿನ ರಕ್ತದ ಹರಿವನ್ನು ಕುಗ್ಗಿಸುತ್ತದೆ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು, ಪಾರ್ಫಿರೊಮೊನಾಸ್ ಜಿಂಜಿವಾಲಿಸ್‌ನಂಥವು, ಹಲ್ಲಿನ ಬುಡದಲ್ಲಿ ಬೇರೂರುತ್ತವೆ. ಅವುಗಳನ್ನು ನುಂಗಬೇಕಾದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಮಂಕಾಗುತ್ತವೆ. ನಿಕೋಟಿನ್ ಮ್ಯಾಕ್ರೊಫೇಜ್ ಎಂಬ ಇನ್ನೊಂದು ಬಗೆಯ ರೋಗನಿರೋಧಕ ಕಣಗಳ ಮೇಲಿನ, ಸಂಕೇತ ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡು ಉರಿಯೂತದ ಸಂಕೇತವನ್ನೇ ತಗ್ಗಿಸುತ್ತದೆ. ಒಳಗೆ ಮೂಳೆ ಕರಗುತ್ತಿದ್ದರೂ ಮೇಲೆ ವಸಡು ಗಟ್ಟಿಯಾಗಿಯೇ ಕಾಣುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಿರುಗುಮುರುಗಾಗಿದೆ. ನಿಮ್ಮ ಶಕ್ತಿ ಕುಸಿದಿಲ್ಲ, ಮರಳುತ್ತಿದೆ. ವಸಡಿಗೆ ರಕ್ತ ಮತ್ತೆ ಹರಿಯತೊಡಗಿದೆ, ಅಡಗಿದ್ದ ರೋಗ ಕಣ್ಣಿಗೆ ಬಿದ್ದಿದೆ. ಬಾಯಿಹುಣ್ಣು, ಮಲಬದ್ಧತೆ ಕೂಡ ಬಿಟ್ಟ ಹೊಸದರಲ್ಲಿ ಅನೇಕರಿಗೆ ಬರುತ್ತವೆ. ಕರುಳಿನ ಬ್ಯಾಕ್ಟೀರಿಯಾ ಬಳಗವೂ ಆ ವಾರಗಳಲ್ಲಿ ಬದಲಾಗುತ್ತಿರುತ್ತದೆ. ಪ್ರೊಬಯಾಟಿಕ್‌ಗೆ ದುಡ್ಡು ಸುರಿಯಬೇಡಿ. ಹಲ್ಲಿನ ಬುಡದಲ್ಲಿ ಗಟ್ಟಿಗಟ್ಟಿದ ಕೊಳೆಯನ್ನು ಯಾವ ಮಾತ್ರೆಯೂ ಕೆರೆದು ತೆಗೆಯುವುದಿಲ್ಲ. ಸೇದುವ ಚಪಲ ತಡೆಯಲಾಗದಿದ್ದರೆ ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಅಗಿಯಿರಿ, ಸಿಗರೇಟಿಗಿಂತ ಅದು ಎಷ್ಟೋ ಮೇಲು. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, 1800-11-2356 ಕ್ವಿಟ್‌ಲೈನ್‌ಗೆ ಕರೆ ಉಚಿತ.

ಈ ವಾರವೇ ದಂತವೈದ್ಯರ ಬಳಿಗೆ ಹೋಗಿ. ಬರಿ ಹಲ್ಲು ಸ್ವಚ್ಛ ಮಾಡಿಸಿಕೊಂಡು ಬರಬೇಡಿ, ವಸಡಿನ ಆಳ ಅಳೆಯಿರಿ ಎಂದು ನೀವೇ ಕೇಳಿ. ಎಷ್ಟು ವರ್ಷ ಸೇದಿದಿರಿ ಎಂಬುದನ್ನು ಮುಚ್ಚಿಡಬೇಡಿ.