4 ವರ್ಷದ ಮಗಳಿಗೆ ಈಗಲೇ ಕನ್ನಡಕ ಬೇಕಾ, ಶಾಲೆ ಸೇರುವ ತನಕ ಕಾಯಬಹುದಾ?

ಕಾಯಬೇಡಿ. ಮಗಳು ಟಿವಿಗೆ ಅಂಟಿಕೊಂಡು ಕೂರುತ್ತಾಳೆ, ಈಗಲೇ ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಅಂತ ಮನೆಯವರು ಹೆದರಿಸುತ್ತಿದ್ದಾರೆ, ಅಲ್ವಾ? ನಮ್ಮತ್ತೆಯೂ ಇದನ್ನೇ ಹೇಳಿದ್ದರು.

ನನ್ನ ಮಗ ಟಿವಿ ಹತ್ತಿರ ಹೋಗುತ್ತಲೇ ಇರಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿದರೆ ಹೊರಗೆ ಚೆಲ್ಲುತ್ತಿದ್ದ, ಚೆಂಡು ಹಿಡಿಯಲು ಬರುತ್ತಿರಲಿಲ್ಲ, ಅಷ್ಟೇ. ಅನುಮಾನ ಬಂದು ಬಸ್ ಸ್ಟಾಪಿನಲ್ಲಿ ದೂರದ ಬಸ್ಸಿನ ನಂಬರ್ ಓದಿಸಿದೆ. ಪಟಪಟ ಓದಿದ. ಕಣ್ಣು ಚೆನ್ನಾಗಿದೆ ಅಂತ ಸುಮ್ಮನಾದೆ.

ನಾನು ಎಡವಿದ್ದು ಅಲ್ಲೇ. ಎರಡೂ ಕಣ್ಣು ಬಿಟ್ಟುಕೊಂಡು ಓದಿಸಿದ್ದೆ. ಅವನ ಬಲಗಣ್ಣು ಸರಿ ಇತ್ತು, ಎಡಗಣ್ಣಿಗೆ ದೊಡ್ಡ ಪ್ಲಸ್ ಪವರ್. ಎರಡೂ ತೆರೆದಿದ್ದಾಗ ಒಳ್ಳೆ ಕಣ್ಣೇ ಎಲ್ಲ ಓದಿಬಿಡುತ್ತದೆ. ಇನ್ನೊಂದರ ಮಸುಕು ಚಿತ್ರವನ್ನು ಮೆದುಳು ಲೆಕ್ಕಕ್ಕೇ ಇಡುವುದಿಲ್ಲ. ಹೀಗೇ ಬಿಟ್ಟರೆ ಆ ಕಣ್ಣಿನ ನೋಟ ಬೆಳೆಯುವುದೇ ಇಲ್ಲ. ಇದೇ ಆಂಬ್ಲಿಯೋಪಿಯಾ, ಲೇಜಿ ಐ ಅಂತಾರಲ್ಲ ಅದು. ನೋವಿಲ್ಲ, ಕಣ್ಣು ಕೆಂಪಾಗಲ್ಲ. ಮೊದಲಿನಿಂದ ಹಾಗೇ ಕಂಡ ಮಗು ಏನಂತ ದೂರು ಹೇಳುತ್ತದೆ? ಒಂದೊಂದೇ ಕಣ್ಣು ಮುಚ್ಚಿ ಓದಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಒಂದು ಅಂಗೈ ಸಾಕಿತ್ತು.

ಗೊತ್ತಾಗಿದ್ದು ಶಾಲೆಯ ಕಣ್ಣಿನ ತಪಾಸಣೆಯಲ್ಲಿ, ಆಗ ಅವನಿಗೆ 7 ದಾಟಿತ್ತು. ಕನ್ನಡಕ ಬಂತು. ಜೊತೆಗೆ, ಎಡಗಣ್ಣು ಕೆಲಸ ಮಾಡಲಿ ಅಂತ ಒಳ್ಳೆ ಕಣ್ಣಿಗೆ ದಿನಕ್ಕೆ 2 ಗಂಟೆ ಪ್ಯಾಚ್, ಅಂದರೆ ಕಣ್ಣು ಮುಚ್ಚುವ ಪಟ್ಟಿ. ಅಜ್ಜಿ 'ಪಾಪ, ಮಗು' ಅಂತ ಅದನ್ನು ಕಿತ್ತುಹಾಕುತ್ತಿದ್ದರು, ಆ ಜಗಳ ಬೇರೆ. ಎಡಗಣ್ಣು ಸುಧಾರಿಸಿದೆ, ಪೂರ್ತಿ ಬರಲಿಲ್ಲ. 7ರ ಒಳಗೆ ಶುರುಮಾಡಿದರೆ ಫಲ ಜಾಸ್ತಿ. ದಾಟಿದ ಮಕ್ಕಳಿಗೂ ಚಿಕಿತ್ಸೆ ಇದೆ, ಆದರೆ ನಿಮಗಿನ್ನೂ ಸಮಯವಿದೆ.

ಕನ್ನಡಕದಿಂದ ನಂಬರ್ ಏರುವುದಿಲ್ಲ. ಟಿವಿ ದೂರ ಅಳೆಯುವುದನ್ನೂ ಬಿಡಿ, ಎಷ್ಟೋ ಮಕ್ಕಳು ಸುಮ್ನೆ ಹತ್ತಿರ ಕೂರುತ್ತವೆ. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದು ಕಡೆ ಮುಚ್ಚಿದಾಗ ಮಾತ್ರ ಕೈ ತಳ್ಳಿ ರಂಪ ಮಾಡಿದರೆ ಇನ್ನೊಂದು ಕಣ್ಣಿನ ಮೇಲೆ ಅನುಮಾನ ಪಡಿ. ರಂಪ ಮಾಡದಿದ್ದರೂ ಮಕ್ಕಳ ಕಣ್ಣಿನ ಡಾಕ್ಟರಿಗೆ ತೋರಿಸಿ. ಫೋಟೋದಲ್ಲಿ ಕಣ್ಣಪಾಪೆ ಬೆಳ್ಳಗೆ ಹೊಳೆದರಂತೂ ತಕ್ಷಣ ಓಡಿ, ಅದು ಕಣ್ಣೊಳಗಿನ ಗೆಡ್ಡೆಯೂ ಆಗಿರಬಹುದು.

ಕನ್ನಡಕದ ಅಂಗಡಿಯ ಕಂಪ್ಯೂಟರ್ ಟೆಸ್ಟ್ ನೆಚ್ಚಬೇಡಿ. ಮಕ್ಕಳ ಕಣ್ಣು ತಾನೇ ಫೋಕಸ್ ಮಾಡಿಕೊಂಡು ಪ್ಲಸ್ ಪವರನ್ನು ಬಚ್ಚಿಡುತ್ತದೆ. ಡ್ರಾಪ್ಸ್ ಹಾಕಿ ಆ ಫೋಕಸ್ ಸಡಿಲಿಸಿ, ಪಾಪೆ ಹಿಗ್ಗಿಸಿಯೇ ನೋಡಬೇಕು. ಅಕ್ಷರ ಬರದಿದ್ದರೂ ಅಡ್ಡಿಯಿಲ್ಲ, ಚಿತ್ರದ ಚಾರ್ಟ್ ಇರುತ್ತದೆ. ಡ್ರಾಪ್ಸ್ ಹಾಕಿದ ಮೇಲೆ ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ, ಒಂದು ಟೋಪಿ ತಗೊಂಡು ಹೋಗಿ.