ಆರನೇ ಕೋರ್ಟಿನ ಹುಡುಗ

ಪ್ರಶ್ನೆ: ಅಮೆರಿಕದ ಟೆನಿಸ್ ಆಟಗಾರ ಬೆನ್ ಶೆಲ್ಟನ್ ಬಗ್ಗೆ ಬರೆಯುತ್ತ ಅರ್ಧ ಪುಟ ಅವನಪ್ಪನಿಗೇ ಕೊಟ್ಟಿದ್ದೀರಿ. ರ‍್ಯಾಂಕಿಂಗಿನಲ್ಲಿ 55 ದಾಟಿ ಮೇಲೇರದೆ, ಕೊನೆಗೆ ಕಾಲೇಜು ಕೋಚ್ ಆದವರಿಗೆ ಇಷ್ಟು ಹೊಗಳಿಕೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: 55 ನಿಜ. ಬೆನ್‌ನ ಅಪ್ಪ ಬ್ರಯನ್ ಶೆಲ್ಟನ್ ಗೆದ್ದ ಎಟಿಪಿ (ಪುರುಷರ ವೃತ್ತಿಪರ ಟೆನಿಸ್) ಸಿಂಗಲ್ಸ್ ಪ್ರಶಸ್ತಿಗಳೂ ಎರಡೇ, 1991 ಮತ್ತು 1992ರಲ್ಲಿ, ಅಮೆರಿಕದ ನ್ಯೂಪೋರ್ಟಿನ ಹುಲ್ಲಂಕಣದಲ್ಲಿ. ಆದರೆ ನಿಮ್ಮ 'ಕೊನೆಗೆ' ಎಂಬ ಪದ ಓದಿ ಸಂಕಟವಾಯಿತು. 1994ರ ವಿಂಬಲ್ಡನ್‌ಗೆ ಅರ್ಹತಾ ಸುತ್ತು ದಾಟಿ ಬಂದ ಇದೇ ಮನುಷ್ಯ, ಮೊದಲ ಸುತ್ತಿನಲ್ಲೇ ಎರಡನೇ ಶ್ರೇಯಾಂಕದ ಮೈಕೆಲ್ ಸ್ಟಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ್ದರು. ಸ್ಟಿಕ್ 1991ರ ಚಾಂಪಿಯನ್.

ಅಂಥವರು 1999ರಲ್ಲಿ ತಾವು ಓದಿದ ಜಾರ್ಜಿಯಾ ಟೆಕ್ ವಿದ್ಯಾಲಯಕ್ಕೆ ಮರಳಿ ಹುಡುಗಿಯರ ತಂಡ ಕಟ್ಟಿದರು. 2007ರಲ್ಲಿ ಗೆದ್ದದ್ದು ಆ ವಿದ್ಯಾಲಯಕ್ಕೆ ಯಾವ ಕ್ರೀಡೆಯಲ್ಲೂ ಅದುವರೆಗೆ ಸಿಗದಿದ್ದ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ತಂಡ ಪ್ರಶಸ್ತಿ. ಆಮೇಲೆ ಫ್ಲಾರಿಡಾ ವಿಶ್ವವಿದ್ಯಾಲಯದ ಹುಡುಗರು, 2021ರಲ್ಲಿ ಅವರಿಗೂ ಪ್ರಶಸ್ತಿ. ಹುಡುಗಿಯರ, ಹುಡುಗರ ಪ್ರಶಸ್ತಿ ಎರಡನ್ನೂ ಗೆಲ್ಲಿಸಿದ ಮೊದಲ ಕೋಚ್ ಅವರೇ.

ಅಲ್ಲಿನ ಕಾಲೇಜು ಟೆನಿಸ್ ಹೇಗೆ ಗೊತ್ತೇ? ಡಬಲ್ಸ್‌ಗೆಲ್ಲ ಸೇರಿ ಒಂದು ಅಂಕ, ಆರು ಸಿಂಗಲ್ಸ್‌ಗೆ ಆರು. ನಾಲ್ಕು ಬಂದರೆ ಗೆಲುವು. ಒಂದನೇ ಕೋರ್ಟಿನ ತಾರೆಯ ಅಂಕಕ್ಕೂ ಆರನೇ ಕೋರ್ಟಿನ ಹುಡುಗನ ಅಂಕಕ್ಕೂ ಬೆಲೆ ಒಂದೇ. ಹಾಗಾಗಿ ಕೋಚ್ ಆರು ಕೋರ್ಟಿನಲ್ಲೂ ಜೀವ ಇಟ್ಟಿರಬೇಕು. 2021ರ ಫೈನಲ್‌ನಲ್ಲಿ ಬೇಲರ್ ವಿಶ್ವವಿದ್ಯಾಲಯದ ವಿರುದ್ಧ ನಾಲ್ಕನೇ ಅಂಕ ತಂದದ್ದು ಕೆಳ ಕ್ರಮಾಂಕದಲ್ಲಿ ಆಡುತ್ತಿದ್ದ ಮೊದಲ ವರ್ಷದ ಹುಡುಗ, ಅದೇ ಬೆನ್. 2023ರಲ್ಲಿ ಆಸ್ಟ್ರೇಲಿಯನ್ ಓಪನ್ ಆಡಲು ಹೋಗುವ ತನಕ ಅವನು ಅಮೆರಿಕ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಹೋದವನು ಕ್ವಾರ್ಟರ್ ಫೈನಲ್ ಮುಟ್ಟಿದ. ಅಪ್ಪನಿಗೆ ಅರ್ಧ ಪುಟ ಹೆಚ್ಚಾಯಿತೇ?

ತಪ್ಪು ನಿಮ್ಮೊಬ್ಬರದಲ್ಲ. ಕಲಿಸುವವರನ್ನು ಸೋತವರೆಂದು ನೋಡುವುದು ನಮ್ಮಲ್ಲಿ ಬೇರೂರಿದೆ. ನನ್ನ ಹೈಸ್ಕೂಲಿನಲ್ಲಿ ಆಟದ ಪಿರಿಯಡ್ ಬಂದರೆ ಗಣಿತದ ಮೇಷ್ಟ್ರು ಸಿಲಬಸ್ ಮುಗಿಸಲು ಒಳಗೆ ಬರುತ್ತಿದ್ದರು. ಪಿ.ಟಿ. ಮೇಷ್ಟ್ರು ಶಿಳ್ಳೆ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದು ಹಿಂದಿರುಗುತ್ತಿದ್ದರು. ಊರಿನವರಿಗೆ ಅವರ ನೆನಪಾಗುತ್ತಿದ್ದದ್ದು ಆಗಸ್ಟ್ 15ರ ಪರೇಡಿಗೆ. ಕಾಲೇಜುಗಳಲ್ಲೂ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗಿ ಬಂದ ಮಗು ಹಾಜರಾತಿಗಾಗಿ ಮೇಜಿಂದ ಮೇಜಿಗೆ ಅಲೆಯುವುದನ್ನು ಕಂಡಿದ್ದೇನೆ.

ನೀವು ಶ್ರದ್ಧೆಯಿಂದ ಓದುವವರು, ಅಂಕಿಅಂಶ ಸರಿಯಾಗಿ ಬರೆದಿದ್ದೀರಿ. ನಿಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ವಿಷಯ ನೆನಪಿದ್ದರೆ ಬರೆದು ಕಳಿಸಿ. ಅವರಿಗೂ ಅರ್ಧ ಪುಟ ಇಡುತ್ತೇನೆ.