ರೂಮ್ ಬಾಡಿಗೆ ಹೆಚ್ಚಾದ್ರೆ ಡಾಕ್ಟರ್ ಫೀಸಿಗೂ ಯಾಕೆ ಕತ್ತರಿ?

ಪ್ರಶ್ನೆ: ಅಮ್ಮನ ಪಿತ್ತಕೋಶದ ಆಪರೇಷನ್ ಮಂಗಳೂರಲ್ಲಿ ಆಯ್ತು. 3 ಲಕ್ಷದ ಆರೋಗ್ಯ ವಿಮೆ ಪಾಲಿಸಿ ಉಂಟು, ಬಿಲ್ಲು 1 ಲಕ್ಷ ಕೂಡ ಆಗ್ಲಿಲ್ಲ, ಆದ್ರೂ ಕೈಯಿಂದ 30 ಸಾವಿರದ ಮೇಲೆ ಹೋಯ್ತು. ರೂಮಿನ ಲಿಮಿಟ್, ಕೋ-ಪೇ ಅಂತೆಲ್ಲ ಹೇಳ್ತಾರೆ, ಎಂತದು ಇದೆಲ್ಲ?
– ಓದುಗರು, ಉಡುಪಿ

ಉತ್ತರ: ನಿಮ್ಮ ಸಂಕಟ ಅರ್ಥ ಆಗ್ತದೆ. ಹಳೇ ಪಾಲಿಸಿ ತುಂಬದರಲ್ಲಿ ರೂಮ್ ಬಾಡಿಗೆ ದಿನಕ್ಕೆ ಪಾಲಿಸಿ ಮೊತ್ತದ ಶೇ. 1ರ ತನಕ ಮಾತ್ರ ಅಂತ ಲಿಮಿಟ್ ಇರ್ತದೆ, ಅಂದ್ರೆ ನಿಮಗೆ 3,000. ನೀವು 6,000ದ ರೂಮ್ ತಗೊಂಡ್ರೆ ಹೆಚ್ಚಿನ ಬಾಡಿಗೆ ಮಾತ್ರ ನಿಮ್ಮದು ಅಂತ ಎಲ್ರೂ ಅಂದ್ಕೊಳ್ತಾರೆ, ಆದ್ರೆ ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು ಎಲ್ಲ ರೂಮಿನ ದರ್ಜೆ ನೋಡಿ ಏರ್ತದಲ್ಲ, ಹಾಗಾಗಿ 6,000ದಲ್ಲಿ 3,000 ಅರ್ಧ ಆದ ಹಾಗೆ ಅದರಲ್ಲೂ ಅರ್ಧ ಕಡಿತ, 40 ಸಾವಿರ ಇದ್ರೆ 20 ಸಾವಿರವೇ ಸಿಗೋದು.

ಆದ್ರೆ ಒಂದು ವಿಷಯ ಗಟ್ಟಿ ನೆನಪಿಡಿ: ಮದ್ದು, ಇಂಪ್ಲಾಂಟು, ರಕ್ತಪರೀಕ್ಷೆ, ಸ್ಕ್ಯಾನಿಂಗು, ಐಸಿಯು ಬಾಡಿಗೆ, ಇದಕ್ಕೆಲ್ಲ ಈ ಅನುಪಾತದ ಕಡಿತ ಹಾಕುವ ಹಾಗಿಲ್ಲ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಸಂಸ್ಥೆಯ ನಿಯಮವೇ ಉಂಟು. ಕಂಪನಿ ಎಷ್ಟು ಕೊಟ್ಟಿದೆ, ಎಷ್ಟು ಕಡಿದಿದೆ ಅಂತ ತಿಳಿಸುವ ಸೆಟಲ್‌ಮೆಂಟ್ ಪತ್ರ ತೆಗೆದು ಒಂದೊಂದೇ ಸಾಲು ನೋಡಿ.

ಕೋ-ಪೇ ಅಂದ್ರೆ ಮಂಜೂರಾದ ಹಣದಲ್ಲಿ ಶೇ. 10 ಅಥವಾ 20 ನೀವೇ ಕಟ್ಟೋದು, ಹಿರಿಯರ ಪಾಲಿಸಿಯಲ್ಲಿ ಜಾಸ್ತಿ. ಗ್ಲೌಸು ಅಂಥದ್ದರ ಹಣ ತುಂಬ ಪಾಲಿಸಿಗಳಲ್ಲಿ ಸಿಗೂದೇ ಇಲ್ಲ.

ಕಡಿತ ತಪ್ಪು ಅನಿಸಿದ್ರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ, 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ರೆ ವಿಮೆಯ ದೂರು ವಿಚಾರಿಸುವ ಅಧಿಕಾರಿ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗ್ಬಹುದು, ಫೀಸ್ ಇಲ್ಲ, ವಕೀಲರೂ ಬೇಡ.